ಸಿಮ್ಯುಲೇಟರ್ ಕಾರಿಗೆ ಸ್ಟಿಯರಿಂಗ್ ಮತ್ತು ಪೆಡಲ್: ಅಬಿಡ್ಸ್‌ನಲ್ಲಿ ಕೊಳ್ಳುವ ಮುನ್ನ

2023ನೆಯ ಇಸವಿಯ ಫೆಬ್ರವರಿ 11 ಎರಡನೆಯ ಶನಿವಾರವಾಗಿದ್ದು, ನಮ್ಮಂಥ ಬ್ಯಾಂಕ್ ನೌಕರರಿಗೆ ರಜೆಯ ದಿನವಾಗಿತ್ತು. ಅಂದು ಹುಸೇನ್ ಸಾಗರದ ದಂಡೆಯ ರಸ್ತೆಗಳಲ್ಲಿ ಫಾರ್ಮುಲಾ ಇ ವಿದ್ಯುತ್ ಕಾರುಗಳ ಪಂದ್ಯ ನಡೆಯಿತು. ಆ ಸರಣಿಯು ಭಾರತಕ್ಕೆ ಬಂದದ್ದು ಅದೇ ಮೊದಲು. ಗೆದ್ದವರು ಫ್ರಾನ್ಸಿನ ಜ್ಯಾನ್ ಎರಿಕ್ ವೆರ್ನ್. ಮರುವರ್ಷದ ಪಂದ್ಯವು 2024ರ ಜನವರಿಯಲ್ಲಿ ರದ್ದಾಯಿತು. ಆದರೆ ಅದನ್ನು ಕಂಡು ಬಂದ ಮಕ್ಕಳ ತಲೆಯಿಂದ ಕಾರು ಇಳಿಯಲಿಲ್ಲ. ನಮ್ಮ ಕಿರಿಯ ಮಗನೂ ಅವರಲ್ಲೊಬ್ಬ. "ಅಪ್ಪಾ, ಕೀಬೋರ್ಡಿನಿಂದ ಕಾರು ಓಡಿಸುವುದು ಓಡಿಸಿದಂತಲ್ಲ" ಎಂಬುದು ಅವನ ವಾದ. ಅನೇಕ ಕನ್ನಡ ಮನೆಗಳಲ್ಲಿ ಇದೇ ಬೇಡಿಕೆ ಎದ್ದಿರುವುದರಿಂದ ಸಹೃದಯ ಓದುಗರಿಗಾಗಿ ಈ ಮಾಹಿತಿಯನ್ನು ಒಂದೆಡೆ ಕೊಡುತ್ತಿದ್ದೇವೆ.

ಮೊದಲಿಗೆ ನಾವು ಮಾಡಿದ ತಪ್ಪನ್ನೇ ಹೇಳಿಬಿಡುವುದು ಲೇಸು. ಅಬಿಡ್ಸ್‌ನ ಒಂದು ಅಂಗಡಿಯಲ್ಲಿ, ಬಿಲ್ಲಿಲ್ಲದೆ, ನಾಲ್ಕು ಸಾವಿರ ರೂಪಾಯಿಗೆ ಒಂದು ಚಕ್ರವನ್ನು ಕೊಂಡು ತಂದೆವು. ಪೆಟ್ಟಿಗೆಯ ಮೇಲೆ ಕೆಂಪು ಕಾರಿನ ಚಿತ್ರ ಬಹಳ ಚೆನ್ನಾಗಿತ್ತು. ಚಕ್ರವು ಎಡಕ್ಕೂ ಬಲಕ್ಕೂ ಅರ್ಧ ಸುತ್ತನ್ನೂ ತಿರುಗುತ್ತಿರಲಿಲ್ಲ. ಕಾರು ಗೋಡೆಗೆ ಬಡಿದರೂ ಜಾರಿದರೂ ಒಂದೇ ಬಗೆಯ ನಡುಕ. ಹುಡುಗ ದೂರಲಿಲ್ಲ. ಎರಡು ವಾರ ನಮ್ಮ ಮುಂದೆ ಆಡಿದಂತೆ ಮಾಡಿ, ಆಮೇಲೆ ಅದನ್ನು ಮಂಚದ ಕೆಳಗೆ ಸರಿಸಿ ಮತ್ತೆ ಕೀಬೋರ್ಡಿಗೆ ಮರಳಿದ. ಹಣಕ್ಕಿಂತ ಆ ಮೌನವೇ ನಮ್ಮನ್ನು ಹೆಚ್ಚು ಕಾಡಿತು. ಈ ವಿಷಯವನ್ನು ಕುಳಿತು ಓದಲು ತೊಡಗಿದ್ದು ಅನಂತರ.

ಆಟಿಕೆಗೂ ಉಪಕರಣಕ್ಕೂ ಇರುವ ಮುಖ್ಯ ಭೇದವೆಂದರೆ ಫೋರ್ಸ್ ಫೀಡ್‌ಬ್ಯಾಕ್. ಚಕ್ರದೊಳಗೆ ಮೋಟಾರ್ ಇದ್ದು, ಪರದೆಯ ಮೇಲಿನ ಕಾರಿನ ಮುಂಗಾಲಿಗಳ ಮೇಲೆ ಬೀಳುವ ಒತ್ತಡವನ್ನು ಅದು ನಮ್ಮ ಕೈಗೆ ಮುಟ್ಟಿಸುತ್ತದೆ. ಟೈರು ಹಿಡಿತ ತಪ್ಪಿದಾಗ ಚಕ್ರವು ಹಗುರಾಗುತ್ತದೆ; ಕಣ್ಣಿಗಿಂತ ಮೊದಲು ಕೈಗೆ ಅದು ತಿಳಿಯುತ್ತದೆ. ಅಂಗಡಿಯಲ್ಲಿ ಇದನ್ನು ಪತ್ತೆಹಚ್ಚಲು ಒಂದು ಸುಲಭೋಪಾಯವಿದೆ. ಪೆಟ್ಟಿಗೆಯಲ್ಲಿ ಪ್ರತ್ಯೇಕವಾದ ವಿದ್ಯುತ್ ಅಡಾಪ್ಟರ್ ಇದೆಯೇ ಎಂದು ಕೇಳಿರಿ. ಯುಎಸ್‌ಬಿ ತಂತಿಯೊಂದರಿಂದಲೇ ನಡೆಯುವ ಅಗ್ಗದ ಚಕ್ರಗಳಲ್ಲಿ ಇರುವುದು ಬರಿಯ ನಡುಕ. ನಿಜವಾದ ಮೋಟಾರ್ ಉಳ್ಳದ್ದು ವಿದ್ಯುತ್ ಕೊಟ್ಟೊಡನೆ ತಾನಾಗಿಯೇ ಎರಡೂ ಕಡೆಗೆ ಪೂರ್ತಿ ತಿರುಗಿ ನಡುವಿಗೆ ಬಂದು ನಿಲ್ಲುವುದು ಸಾಮಾನ್ಯ.

ಮೋಟಾರಿನ ಬಲವು ಚಕ್ರಕ್ಕೆ ತಲುಪುವ ಬಗೆ ಮೂರು. ಹಲ್ಲುಗಾಲಿಗಳ ಮೂಲಕ ತಲುಪುವುದು ಮೊದಲನೆಯದು. ಲಾಜಿಟೆಕ್ ಸಂಸ್ಥೆಯ ಜಿ29, ಜಿ920 ಹಾಗೂ 2020ರಲ್ಲಿ ಬಂದ ಜಿ923 ಈ ಜಾತಿಯವು. ತುಸು ಕಟಕಟ ಸದ್ದು ಮಾಡುತ್ತವೆ, ಆದರೆ ಗಟ್ಟಿಮುಟ್ಟು. ಎರಡನೆಯದು ಬೆಲ್ಟ್, ಥ್ರಸ್ಟ್‌ಮಾಸ್ಟರ್ ಟಿ300 ಇದಕ್ಕೆ ಉದಾಹರಣೆ. ಮೂರನೆಯದು ಡೈರೆಕ್ಟ್ ಡ್ರೈವ್, ಎಂದರೆ ಮೋಟಾರಿನ ದಂಡಕ್ಕೇ ಚಕ್ರವನ್ನು ಕೂಡಿಸುವುದು. 2021ರಲ್ಲಿ ಫ್ಯಾನಟೆಕ್ ಸಿಎಸ್‌ಎಲ್ ಡಿಡಿ ಬಂದ ಮೇಲೆ ಇದು ಮಧ್ಯಮವರ್ಗದ ಕೈಗೆ ಎಟುಕುವಷ್ಟು ಕೆಳಗಿಳಿಯಿತು. ಚೀನಾದ ಮೋಝಾ ಆರ್5 ಸಹ ಇದೇ ಸಾಲಿನದು.

ಬಲವನ್ನು ನ್ಯೂಟನ್ ಮೀಟರಿನಲ್ಲಿ ಹೇಳುತ್ತಾರೆ. ಕಲಾ ವಿಭಾಗದಲ್ಲಿ ಓದಿದ ನಮಗೆ ಅದು ಅರ್ಥವಾಗಲು ಲೆಕ್ಕ ಹಾಕಬೇಕಾಯಿತು. 28 ಸೆಂಟಿಮೀಟರ್ ವ್ಯಾಸದ ಚಕ್ರದ ಅಂಚಿನಲ್ಲಿ 5 ನ್ಯೂಟನ್ ಮೀಟರ್ ಎಂದರೆ ಸುಮಾರು ಮೂರೂವರೆ ಕಿಲೋ ತೂಕವನ್ನು ಹಿಡಿದಂತೆ. ಜಿ29ರ ಬಲವು ಎರಡು ನ್ಯೂಟನ್ ಮೀಟರಿಗಿಂತ ತುಸು ಹೆಚ್ಚು. ಒಂದೂವರೆ ಕಿಲೋ ಎನ್ನಬಹುದು. ಹೊಸಬರಿಗೆ ಇಷ್ಟು ಸಾಕು. 5ರಿಂದ 8ರವರೆಗೆ ಸೊಗಸು. ಅದಕ್ಕೂ ಮೇಲಿನದನ್ನು ಚಿಕ್ಕ ಮಕ್ಕಳಿರುವ ಮನೆಗೆ ತರುವಾಗ ಯೋಚಿಸಿರಿ. ಡಿಕ್ಕಿಯಾದಾಗ ಚಕ್ರವು ಹಠಾತ್ತನೆ ಸೆಳೆಯುತ್ತದೆ, ಕಡ್ಡಿಗಳ ನಡುವೆ ಹೆಬ್ಬೆರಳಿದ್ದರೆ ಪೆಟ್ಟು ಖಂಡಿತ. ಸಾಫ್ಟ್‌ವೇರಿನಲ್ಲಿ ಬಲವನ್ನು ತಗ್ಗಿಸಿಯೇ ಮಕ್ಕಳ ಕೈಗೆ ಕೊಡಬೇಕು.

ಚಕ್ರವು ಎಷ್ಟು ತಿರುಗುತ್ತದೆಂಬುದನ್ನೂ ನೋಡಿರಿ. 900 ಡಿಗ್ರಿ ಎಂದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡೂವರೆ ಸುತ್ತು. 180 ಅಥವಾ 270 ಡಿಗ್ರಿಯದನ್ನು ದೂರವಿಡಿ.

ಇನ್ನು ಪೆಡಲ್. ಎಲ್ಲರೂ ಚಕ್ರವನ್ನು ನೋಡಿ ಮರುಳಾಗುತ್ತಾರೆ. ನಮ್ಮ ಮಟ್ಟಿಗೆ ಹಣವನ್ನು ಸುರಿಯಬೇಕಾದದ್ದು ಬ್ರೇಕಿಗೆ. ಅಗ್ಗದ ಪೆಡಲಿನಲ್ಲಿ ಪೊಟೆನ್ಷಿಯೋಮೀಟರ್ ಇರುತ್ತದೆ, ಹಳೆಯ ರೇಡಿಯೋದ ದನಿ ಏರಿಸುವ ತಿರುಪಿನಂಥದೇ ಭಾಗ. ಅದರೊಳಗೆ ಧೂಳು ಸೇರಿದರೆ, ಆ ರೇಡಿಯೋ ಕರಕರ ಎನ್ನುತ್ತಿದ್ದ ಹಾಗೆಯೇ, ಕಾಲಿಡದೆಯೇ ಬ್ರೇಕ್ ಮಿಡಿಯತೊಡಗುತ್ತದೆ. ಹೈದರಾಬಾದಿನ ಧೂಳಿಗೆ ಪರಿಚಯ ಬೇಡ. ಅಯಸ್ಕಾಂತದಿಂದ ನಡೆಯುವ ಹಾಲ್ ಸಂವೇದಕದಲ್ಲಿ ಉಜ್ಜುವ ಭಾಗವಿಲ್ಲವಾದ್ದರಿಂದ ಸವೆತವಿಲ್ಲ. ಎಲ್ಲಕ್ಕಿಂತ ಮೇಲಾದದ್ದು ಲೋಡ್ ಸೆಲ್. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿರುವುದೂ ಅದೇ. ಅದು ಪೆಡಲ್ ಎಷ್ಟು ದೂರ ಸರಿಯಿತೆಂದು ಅಳೆಯುವುದಿಲ್ಲ, ಎಷ್ಟು ಬಲವಾಗಿ ತುಳಿದಿರೆಂದು ಅಳೆಯುತ್ತದೆ. ನಿಜವಾದ ಕಾರಿನಲ್ಲಿ ನಮ್ಮ ಕಾಲು ನೆನಪಿಟ್ಟುಕೊಳ್ಳುವುದು ಬಲವನ್ನೇ. ಥ್ರಸ್ಟ್‌ಮಾಸ್ಟರ್ ಟಿ-ಎಲ್‌ಸಿಎಂ ಪೆಡಲಿನ ಬ್ರೇಕ್ ಈ ಬಗೆಯದು.

ಜೊತೆಯಲ್ಲೇ ನೆಲದ ಮಾತು. ಜಿ29ರ ಪೆಡಲಿನ ಅಡಿಯಲ್ಲಿ ಕಾರ್ಪೆಟ್ಟನ್ನು ಕಚ್ಚುವ ಹಲ್ಲುಗಳಿವೆ. ನಮ್ಮ ಮನೆಗಳ ಶಹಾಬಾದ್ ಕಲ್ಲಿನ ನೆಲಕ್ಕೆ ಅದರಿಂದ ಪ್ರಯೋಜನವಿಲ್ಲ. ಜೋರಾಗಿ ಬ್ರೇಕ್ ತುಳಿದರೆ ಪೆಡಲು ಗೋಡೆಯತ್ತ ಜಾರುತ್ತದೆ, ಗಾಲಿಕುರ್ಚಿಯಾದರೆ ಕುಳಿತವನು ಹಿಂದಕ್ಕೆ ಜಾರುತ್ತಾನೆ. ಪ್ಲೈವುಡ್ ಹಲಗೆಗೆ ಪೆಡಲನ್ನು ತಿರುಪಿನಿಂದ ಬಿಗಿದು, ಹಲಗೆಯನ್ನು ಗೋಡೆಗೆ ಒತ್ತರಿಸಿ, ಗಾಲಿಯಿಲ್ಲದ ಮರದ ಕುರ್ಚಿ ಹಾಕಿಕೊಳ್ಳುವುದು ಅಗ್ಗದ ಪರಿಹಾರ. ಚಕ್ರವನ್ನು ಬಿಗಿಯಲು ಗಾಜಿನ ಮೇಜು ಬೇಡವೇ ಬೇಡ.

ಯಾವ ಯಂತ್ರಕ್ಕೆ ಯಾವುದು ಎಂಬಲ್ಲಿ ಅನೇಕರು ಎಡವುತ್ತಾರೆ. ಜಿ29 ಪ್ಲೇಸ್ಟೇಷನ್ನಿಗೂ ಗಣಕಕ್ಕೂ ಸಲ್ಲುತ್ತದೆ. ಜಿ920 ಎಕ್ಸ್‌ಬಾಕ್ಸಿಗೂ ಗಣಕಕ್ಕೂ. ಜಿ923 ಎರಡು ಬೇರೆ ಬೇರೆ ಮಾದರಿಗಳಲ್ಲಿ ಬರುತ್ತದೆ, ಪೆಟ್ಟಿಗೆಯನ್ನು ಓದಿಯೇ ಕೊಳ್ಳಬೇಕು. ಮೋಝಾ ಆರ್5 ಗಣಕಕ್ಕೆ ಮಾತ್ರ. ಜಿ29, ಜಿ920ಗಳಲ್ಲಿ ಕ್ಲಚ್ ಸೇರಿ ಮೂರು ಪೆಡಲುಗಳಿದ್ದರೂ ಗೇರ್ ಕಂಬಿಯನ್ನು ಬೇರೆಯಾಗಿ ಕೊಳ್ಳಬೇಕು. ಮಗನೋ ಮಗಳೋ ನಾಳೆ ನಿಜವಾದ ಕಾರು ಕಲಿಯುವವರಿದ್ದರೆ ಮೂರು ಪೆಡಲಿನದೇ ಇರಲಿ.

ಇದೆಲ್ಲ ಬರಿಯ ಆಟವೇ ಎಂದು ಮನೆಯ ಹಿರಿಯರು ಕೇಳುವುದುಂಟು. ಬ್ರಿಟನ್ನಿನ ಯಾನ್ ಮಾರ್ಡನ್‌ಬರೊ 2011ರಲ್ಲಿ ಗ್ರಾನ್ ಟ್ಯುರಿಸ್ಮೊ ಆಟದ ಸ್ಪರ್ಧೆಯೊಂದನ್ನು ಗೆದ್ದು, 2013ರಲ್ಲಿ ಲ ಮಾನ್ 24 ಗಂಟೆಗಳ ಪಂದ್ಯದಲ್ಲಿ ನಿಜವಾದ ಕಾರು ಓಡಿಸಿದರು. ಆದರೂ ಅಂಥದು ಲಕ್ಷಕ್ಕೊಂದು. 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ಗೆದ್ದ ನಮ್ಮ ಬೆಂಗಳೂರಿನ ಕುಶ್ ಮೈನಿ ಕಾರ್ಟಿಂಗ್‌ನಿಂದ ಬಂದವರು. ಮಕ್ಕಳಿಗೆ ಈ ಆಸೆಯನ್ನು ತೋರಿಸಿ ಸಾಲ ಮಾಡುವುದು ಬೇಡ, ಬ್ಯಾಂಕಿನವರಾಗಿ ನಾವು ಇಷ್ಟನ್ನು ಹೇಳಲೇಬೇಕು.

ಆರನೆಯ ನಿಜಾಮರ ಆಪ್ತಸೇವಕ ಆಲ್ಬರ್ಟ್ ಆಬಿಡ್ ತೆರೆದ ಅಂಗಡಿಯಿಂದ ಹೆಸರು ಪಡೆದ ಈ ಪೇಟೆಯಲ್ಲಿ ಇಂದು ಜಗದೀಶ್ ಮಾರ್ಕೆಟ್ ಮೊಬೈಲಿಗೆ ಪ್ರಸಿದ್ಧ. ಕೋಠಿಯ ಗುಜರಾತಿ ಗಲ್ಲಿಯಲ್ಲಿ ಅಡಾಪ್ಟರು, ತಂತಿ, ಬಿಡಿಭಾಗಗಳು ಸಿಗುತ್ತವೆ. ಗಣಕಕ್ಕೆ ಸಿಕಂದರಾಬಾದಿನ ಪಾರ್ಕ್ ಲೇನಿನ ಚಿನಾಯ್ ಟ್ರೇಡ್ ಸೆಂಟರ್ ಇದೆ. ಬಳಸಿದ ಚಕ್ರವನ್ನು ಕೊಳ್ಳುವುದಾದರೆ ನಿಮ್ಮದೇ ಲ್ಯಾಪ್‌ಟಾಪ್ ಒಯ್ದು, ವಿಂಡೋಸ್‌ನ ಗೇಮ್ ಕಂಟ್ರೋಲರ್ ಪುಟ ತೆರೆದು, ಪೆಡಲನ್ನು ನಿಧಾನವಾಗಿ ಒತ್ತಿರಿ. ಪಟ್ಟಿಯು ಜಿಗಿಯದೆ ಏರಬೇಕು, ಕಾಲು ತೆಗೆದಾಗ ಸೊನ್ನೆಗೆ ಇಳಿಯಬೇಕು. ವಿದೇಶದಿಂದ ನೆಂಟರ ಕೈಯಲ್ಲಿ ತರಿಸಿದ್ದಾದರೆ ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿದೆಯೇ ನೋಡಿರಿ.

ಎರಡನೆಯ ಸಲ ನಾವು ಮಗನನ್ನೇ ಕರೆದೊಯ್ದು, ಅವನೇ ಪರೀಕ್ಷಿಸಿದ ಬಳಸಿದ ಜಿ29 ಒಂದನ್ನು ತಂದೆವು. ಮೊದಲ ಒಡೆಯರ ಬಿಲ್ಲನ್ನೂ ಕೇಳಿ ಪಡೆದೆವು. ಮೂಲ ಪೆಟ್ಟಿಗೆಯನ್ನು ಅಟ್ಟದ ಮೇಲೆ ಜೋಪಾನವಾಗಿ ಇಟ್ಟಿದ್ದೇವೆ. ಮುಂದೆ ಮಾರುವಾಗ ಅದಿಲ್ಲದಿದ್ದರೆ ಬೆಲೆ ಇಳಿಯುತ್ತದೆ.