ತುಕ್ಕು ಪ್ರತಿಬಂಧಕಗಳ ಪರೀಕ್ಷೆ: ಇತಿಹಾಸ

ಲೋಹವನ್ನು ಆವರಿಸಿದ ದ್ರವಕ್ಕೆ ಅಲ್ಪ ಪ್ರಮಾಣದಲ್ಲಿ ಬೆರೆಸಿದಾಗ ಲೋಹದ ಸವೆತವನ್ನು ತಗ್ಗಿಸುವ ರಾಸಾಯನಿಕವೇ ತುಕ್ಕು ಪ್ರತಿಬಂಧಕ. ಅದರ ಸಾಮರ್ಥ್ಯ ಅಳೆಯುವ ಅತಿ ಸರಳ ವಿಧಾನ ತೂಕನಷ್ಟ. ಲೋಹದ ಬಿಲ್ಲೆಯನ್ನು ತೂಗಿ, ದ್ರವದಲ್ಲಿ ಅದ್ದಿಟ್ಟು, ತುಕ್ಕು ತೆಗೆದು ಮತ್ತೆ ತೂಗುತ್ತಾರೆ. ಮಿಲಿಗ್ರಾಂ ನಷ್ಟವನ್ನು 87.6ರಿಂದ ಗುಣಿಸಿ, ಸಾಂದ್ರತೆ (ಘನ ಸೆಂ.ಮೀ.ಗೆ ಗ್ರಾಂ), ವಿಸ್ತೀರ್ಣ (ಚದರ ಸೆಂ.ಮೀ.) ಮತ್ತು ಗಂಟೆಗಳ ಗುಣಲಬ್ಧದಿಂದ ಭಾಗಿಸಿದರೆ ವರ್ಷಕ್ಕೆ ಎಷ್ಟು ಮಿಲಿಮೀಟರ್ ಸವೆತವೆಂದು ತಿಳಿಯುತ್ತದೆ. ಸಿಗುವುದು ಸರಾಸರಿ ಮಾತ್ರ. ಒಂದೇ ಕಡೆ ಬಿದ್ದ ಆಳದ ಕುಳಿ ಅದರಲ್ಲಿ ಮರೆಯಾಗುತ್ತದೆ.

ವಿದ್ಯುತ್ ರಾಸಾಯನಿಕ ಪರೀಕ್ಷೆಗಳಿಗೆ ತಳಹದಿ ಹಾಕಿದ್ದು 1938ರಲ್ಲಿ ಕಾರ್ಲ್ ವಾಗ್ನರ್ ಮತ್ತು ವಿಲ್ಹೆಲ್ಮ್ ಟ್ರೌಡ್ ಮಂಡಿಸಿದ ಮಿಶ್ರ ವಿಭವ ಸಿದ್ಧಾಂತ: ಲೋಹ ಕರಗುವ ಕ್ರಿಯೆಯೂ ಅದರ ಎಲೆಕ್ಟ್ರಾನ್‌ಗಳನ್ನು ಬಳಸಿಕೊಳ್ಳುವ ಕ್ರಿಯೆಯೂ ಒಂದೇ ಮೇಲ್ಮೈಯಲ್ಲಿ ಸಮತೂಗುವ ವಿದ್ಯುತ್ ವಿಭವದಲ್ಲಿ ಸವೆತ ನಡೆಯುತ್ತದೆ ಎಂಬುದು ಅದರ ಸಾರ. 1942ರಲ್ಲಿ ಹಿಕ್ಲಿಂಗ್, ಲೋಹದ ವಿಭವವನ್ನು ಬೇಕಾದ ಮಟ್ಟದಲ್ಲಿ ಹಿಡಿದಿಡುವ ಉಪಕರಣವಾದ ಪೊಟೆನ್ಶಿಯೊಸ್ಟಾಟ್ ರೂಪಿಸಿದರು.

ಲೋಹದ ವಿಭವವನ್ನು ತುಸು ಸರಿಸಿ, ಆಗ ಹರಿಯುವ ಪ್ರವಾಹದಿಂದ ರೋಧ ಅಳೆಯುವ ಧ್ರುವೀಕರಣ ರೋಧ ವಿಧಾನದ ಶ್ರೇಯವನ್ನು ಸಾಮಾನ್ಯವಾಗಿ 1957ರ ಸ್ಟರ್ನ್ ಮತ್ತು ಗಿಯರಿ ಅವರಿಗೇ ಸಲ್ಲಿಸಲಾಗುತ್ತದೆ. ಇದು ಅರ್ಧಸತ್ಯ. ರೋಧ ಹೆಚ್ಚಿದಷ್ಟೂ ಸವೆತ ಕಡಿಮೆ ಎಂಬುದನ್ನು 1951ರಲ್ಲಿ ಬೋನ್‌ಹೊಫರ್ ಮತ್ತು ಯೇನಾ, 1955ರಲ್ಲಿ ಸಿಮನ್ಸ್ ಪ್ರಯೋಗದಿಂದಲೇ ಕಂಡುಕೊಂಡಿದ್ದರು. 1957ರಲ್ಲೇ ಸ್ಕೋಲ್ಡ್ ಮತ್ತು ಲಾರ್ಸನ್ ಕೂಡ ಇದನ್ನು ವರದಿ ಮಾಡಿದರು. ಸ್ಟರ್ನ್ ಮತ್ತು ಗಿಯರಿ ಕೊಟ್ಟದ್ದು ರೋಧದಿಂದ ಸವೆತ ದರ ಲೆಕ್ಕ ಹಾಕುವ ಸೈದ್ಧಾಂತಿಕ ಸೂತ್ರ. ಅದರ ಸ್ಥಿರಾಂಕವನ್ನು ಅಳೆಯದೆ 26 ಮಿಲಿವೋಲ್ಟ್ ಎಂದು ಊಹಿಸಿಕೊಳ್ಳುವ ರೂಢಿ ಇದೆ. ಪ್ರತಿಬಂಧಕ ಸೇರಿದಾಗ ಆ ಸ್ಥಿರಾಂಕವೇ ಬದಲಾಗಬಹುದಾದ್ದರಿಂದ ಫಲಿತಾಂಶ ಅಲ್ಲಿಯೇ ದಾರಿ ತಪ್ಪಬಹುದು.

1972ರಲ್ಲಿ ಪ್ಯಾರಿಸ್ಸಿನ ಎಪೆಲ್‌ಬ್ವೇನ್, ಕೆದಾಮ್ ಮತ್ತು ತಾಕೆನೌಟಿ ಪರ್ಯಾಯ ಪ್ರವಾಹಕ್ಕೆ ಲೋಹ ಮತ್ತು ದ್ರವದ ನಡುವಿನ ಮೇಲ್ಮೈ ಒಡ್ಡುವ ತಡೆಯಿಂದ, ಅಂದರೆ ಪ್ರತಿಬಾಧೆಯಿಂದ, ತತ್‌ಕ್ಷಣದ ಸವೆತ ದರವನ್ನು ಅಳೆಯಬಹುದೆಂದು ತೋರಿಸಿದರು.

ಪ್ರತಿಬಂಧಕಗಳಾಗಿ ಬಳಸುತ್ತಿದ್ದ ಕ್ರೋಮೇಟುಗಳ ವಿಷತ್ವದಿಂದಾಗಿ ಬದಲಿ ರಾಸಾಯನಿಕಗಳ ಹುಡುಕಾಟ ಬೆಳೆದಂತೆ ಪ್ರಬಂಧಗಳ ರಾಶಿಯೂ ಬೆಳೆಯಿತು. ಸಸ್ಯಸಾರಗಳ ಮೇಲಿನವು ಅದರಲ್ಲಿ ಹೇರಳ. ಅಣುವಿನ ಎಲೆಕ್ಟ್ರಾನ್ ಶಕ್ತಿಮಟ್ಟ ಲೆಕ್ಕ ಹಾಕಿ ಸಾಮರ್ಥ್ಯ ಊಹಿಸುವ ಪದ್ಧತಿಯೂ ಹಬ್ಬಿತು. ಆದರೆ 2014ರಲ್ಲಿ ಡೇವಿಡ್ ವಿಂಕ್ಲರ್ ತಂಡ ಅಲ್ಯೂಮಿನಿಯಂ ಮಿಶ್ರಲೋಹಗಳ ಮೇಲೆ ಹಲವು ಸಾವಯವ ಸಂಯುಕ್ತಗಳನ್ನು ಪರೀಕ್ಷಿಸಿದಾಗ ಅಂಥ ಲೆಕ್ಕಕ್ಕೂ ನಿಜವಾದ ರಕ್ಷಣೆಗೂ ಗಮನಾರ್ಹ ಸಂಬಂಧ ಕಾಣಲಿಲ್ಲ.

ಪ್ರತಿಬಂಧಕದಿಂದ ಸವೆತ ಶೇಕಡಾ ಎಷ್ಟು ತಗ್ಗಿತೆಂಬ ದಕ್ಷತೆಯನ್ನಷ್ಟೇ ಕೊಡುವ ವರದಿಗಳನ್ನು ಒಂದರೊಡನೊಂದು ಹೋಲಿಸಲಾಗದು. ವರ್ಷಕ್ಕೆ 20 ಮಿ.ಮೀ. ಸವೆಸುವ ಆಮ್ಲದಲ್ಲಿ ಶೇ 95 ದಕ್ಷತೆ ಸಿಕ್ಕರೂ 1 ಮಿ.ಮೀ. ಸವೆತ ಉಳಿಯುತ್ತದೆ, ಕೊಳವೆ ಮಾರ್ಗಕ್ಕೆ ಅದು ಹೊರಲಾರದಷ್ಟು ಹೆಚ್ಚು.