ಉದ್ಯಾನಗಳ ವಿಜಯನಗರ

ಮಳೆಯನ್ನೇ ನಂಬಿ ಬಾಳುವ ಬೇವೂರಿನ ಸೀಮೆಯಿಂದ ಹಂಪೆಗೆ ಹೋಗುವವರು ಗುಡಿಗೋಪುರಗಳನ್ನು ನೋಡಿ ಮರಳುವುದೇ ವಾಡಿಕೆ. ಆದರೆ 1443ರಲ್ಲಿ ಪ್ರೌಢದೇವರಾಯನ ಆಸ್ಥಾನಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಕೋಟೆಯ ಸುತ್ತುಗಳ ನಡುವೆ ಹೊಲತೋಟಗಳನ್ನು ಕಂಡನು. ಈ ಜನರಿಗೆ ಗುಲಾಬಿಯು ಅನ್ನದಷ್ಟೇ ಅವಶ್ಯಕವೆಂದು ಬರೆದನು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ತುಗೀಸ ಪಾಯೆಸನಿಗೆ ಮಾವು, ಹಲಸು, ಅಡಕೆ, ನಿಂಬೆಗಳ ತೋಪುಗಳು ದಟ್ಟಡವಿಯಂತೆ ತೋರಿದುವು.

ಬಂಡೆಗಳ ನಡುವೆ ಈ ಹಸುರು ಹೇಗೆ ಬಂದಿತು? ತುಂಗಭದ್ರೆಗೆ ಅಡ್ಡಲಾಗಿ ಕಲ್ಲಿನ ಒಡ್ಡುಗಳನ್ನು ಹಾಕಿ ಕಾಲುವೆಗಳನ್ನು ತೆಗೆದುದರಿಂದ. 1565ರ ಯುದ್ಧಾನಂತರ ಅರಮನೆಗಳು ಅಳಿದುವು; ತುರ್ತು ಕಾಲುವೆಯಾದರೋ ಇಂದಿಗೂ ಗದ್ದೆಗಳಿಗೂ ಬಾಳೆಯ ತೋಟಗಳಿಗೂ ನೀರುಣಿಸುತ್ತಿದೆ. ಹೆಸರುಳಿಯದ ಕೂಲಿಕಾರರ ಆ ಕೆಲಸವನ್ನು ನೋಡದೆ ಹಿಂದಿರುಗಿದವನು ವಿಜಯನಗರವನ್ನು ಅರ್ಧವೇ ಕಂಡಂತಾಯಿತು.