‘ಅರಿಯೆ’ ಎಂಬ ಅರಿವು: ಬಸವಣ್ಣನವರ ಒಂದು ವಚನದ ಲಯ ಮತ್ತು ಭಾವ



ವಚನವು ಪದ್ಯವೋ ಗದ್ಯವೋ ಎಂಬ ಪ್ರಶ್ನೆ ಹಳೆಯದು. ಈ ಪ್ರಶ್ನೆಯನ್ನು ಎತ್ತುವವರು ಬಸವಣ್ಣನವರ ಒಂದು ವಚನವನ್ನು ಅವಶ್ಯವಾಗಿ ಪರಿಶೀಲಿಸಬೇಕು. ತಾಳಮಾನಗಳನ್ನಾಗಲಿ, ಅಮೃತಗಣ ದೇವಗಣಗಳನ್ನಾಗಲಿ ತಾವು ಅರಿಯೆವೆಂದು ಅಣ್ಣನವರು ಅಲ್ಲಿ ಕೂಡಲಸಂಗಮದೇವನಲ್ಲಿ ನಿವೇದಿಸಿಕೊಳ್ಳುತ್ತಾರೆ.

ಇದನ್ನು ಶಾಸ್ತ್ರಜ್ಞಾನದ ಅಭಾವವೆಂದು ತಿಳಿಯಲಾಗದು. ಅರಿಯದವನು ಶಾಸ್ತ್ರದ ಪರಿಭಾಷೆಯನ್ನು ಇಷ್ಟು ಖಚಿತವಾಗಿ ಹೆಸರಿಸಲಾರನು. 10ನೆಯ ಶತಮಾನದ ನಾಗವರ್ಮನ ‘ಛಂದೋಂಬುಧಿ’ಯ ಹೊತ್ತಿಗೇ ಕನ್ನಡದಲ್ಲಿ ಛಂದಶ್ಶಾಸ್ತ್ರವು ಗ್ರಂಥರೂಪ ತಾಳಿತ್ತು. ಪಂಪನಾದಿಯಾಗಿ ಕವಿಗಳು ವೃತ್ತ, ಕಂದಗಳಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ತಪ್ಪದೆ ಪಾಲಿಸಿದ್ದರು. ಆ ಚಂಪೂಕಾವ್ಯಗಳಲ್ಲಿ ಪದ್ಯಗಳ ನಡುವಣ ಗದ್ಯಕ್ಕೂ ‘ವಚನ’ವೆಂದೇ ಹೆಸರು. ಅಲ್ಲಿ ಪದ್ಯಗಳನ್ನು ಬೆಸೆಯುತ್ತಿದ್ದ ಮಾತು, 12ನೆಯ ಶತಮಾನದ ಶರಣರಲ್ಲಿ ಸ್ವತಂತ್ರವಾಗಿ ನಿಂತಿತು.

ಹಾಗಾದರೆ ಈ ವಚನಕ್ಕೆ ಲಯವಿಲ್ಲವೇ? ಉಂಟು. ವಾಕ್ಯಖಂಡಗಳು ಒಂದರ ಹಿಂದೊಂದು ಬಂದು, ‘ಅರಿಯೆ’ ಎಂಬ ಒಂದೇ ಕ್ರಿಯಾಪದದಲ್ಲಿ ನಿಲ್ಲುತ್ತವೆ. ಪ್ರಾಸವು ಮಾಡಬೇಕಾದ ಕೆಲಸವನ್ನು ಇಲ್ಲಿ ಈ ಪುನರುಕ್ತಿಯೇ ಮಾಡುತ್ತದೆ. ಗಣಗಳ ಎಣಿಕೆಯಿಲ್ಲ, ವಾಕ್ಯದ ರಚನೆಯೇ ನಡಿಗೆಯಾಗಿದೆ. ಬಳಿಕ ಅಂಕಿತದ ಸಂಬೋಧನೆಯೊಡನೆ ನಿಷೇಧವು ನಿಂತು, ಒಲವೇ ಹಾಡಿಗೆ ದಾರಿಯೆಂಬ ಮಾತಿನಲ್ಲಿ ವಚನವು ಮುಗಿಯುತ್ತದೆ.

ಭಾವದ ಮರ್ಮವೂ ಇಲ್ಲಿಯೇ ಇದೆ. ಕಾವ್ಯಾರಂಭದಲ್ಲಿ ಯಾವ ಗಣವಿದ್ದರೆ ಶುಭ, ಯಾವುದಿದ್ದರೆ ಕೇಡು ಎಂಬ ಗಣಫಲದ ವಿಚಾರವು ಛಂದಸ್ಸಿನ ಪರಂಪರೆಯಲ್ಲಿತ್ತು. ಅಣ್ಣನವರಾದರೋ, ದೇವನಿಗೆ ಕೇಡೆಂಬುದಿಲ್ಲವಾದ್ದರಿಂದ ತಾವು ಒಲಿದಂತೆ ಹಾಡುವುದಾಗಿ ಹೇಳುತ್ತಾರೆ. ಸ್ತುತ್ಯನು ಅವಿನಾಶಿಯಾಗಿರುವಲ್ಲಿ ಅಶುಭಗಣದ ಅಂಜಿಕೆಗೆ ಎಡೆಯೆಲ್ಲಿ? ಆದಕಾರಣ ಈ ವಚನದ ಭಾವವು ಬರಿಯ ದೈನ್ಯವಲ್ಲ, ದೈನ್ಯದ ಒಡಲಿನಲ್ಲಿ ಹುಟ್ಟಿದ ನಿರ್ಭಯ.

ಈ ವಿವೇಚನೆಯು ನಮ್ಮ ನಿತ್ಯಪಠಣಕ್ಕೂ ಸಲ್ಲುತ್ತದೆ. ತಾಳೆಗರಿಗಳಲ್ಲಿ ವಚನಗಳು ಸಾಲು ಮುರಿಯದೆ ಒಂದೇ ಸಮನೆ ಬರೆಯಲ್ಪಟ್ಟಿವೆ. ಇಂದು ಮುದ್ರಣದಲ್ಲಿ ಕಾಣುವ ಪಂಕ್ತಿವಿಭಾಗವು ಸಂಪಾದಕರದು. ಮಲ್ಲಿಕಾರ್ಜುನ ಮನಸೂರ, ಸಿದ್ಧರಾಮ ಜಂಬಲದಿನ್ನಿಯವರಂತಹ ಗಾಯಕರು ವಚನಗಳನ್ನು ರಾಗಕ್ಕೆ ಅಳವಡಿಸಿ ಹಾಡಿದರು. ಹಾಡುವುದು ತಪ್ಪಲ್ಲ, ಅಣ್ಣನವರೂ ಹಾಡುವೆನೆಂದೇ ಹೇಳಿದ್ದಾರೆ. ಆದರೆ ತಾಳಕ್ಕಾಗಿ ಅರ್ಥವನ್ನು ಕತ್ತರಿಸಬಾರದು. ಪ್ರತಿಯೊಂದು ‘ಅರಿಯೆ’ಯ ಬಳಿಯೂ ಉಸಿರು ನಿಲ್ಲಲಿ, ಅಂಕಿತದ ಬಳಿ ಮನಸ್ಸು ನಿಲ್ಲಲಿ. ಆಗ ವಚನದ ಛಂದಸ್ಸು ತಾನಾಗಿ ಕೇಳಿಸುತ್ತದೆ.